ಮರಿಗಳ ಕುಕ್ಕಾಟ ಮತ್ತು ಬ್ರೂಡರ್ ಪೆಟ್ಟಿಗೆಯ ದುರಸ್ತಿ: ಆರು ವಾರಗಳ ದಿನಚರಿ

ಈ ಸಲ ಇನ್‌ಕ್ಯುಬೇಟರ್‌ಗೆ, ಅಂದರೆ ತಾಯಿಯಿಲ್ಲದೆ ಮೊಟ್ಟೆಗೆ ಕಾವು ಕೊಡುವ ಯಂತ್ರಕ್ಕೆ, ಇಟ್ಟ 22 ಕೋಳಿಮೊಟ್ಟೆಗಳಲ್ಲಿ 18 ಮರಿಯಾದವು. ಅವುಗಳಿಗೆಂದು ಸಿದ್ಧಪಡಿಸಿದ್ದ ಬ್ರೂಡರ್‌ನಲ್ಲಿ, ಅಂದರೆ ತಾಯಿಯಿಲ್ಲದ ಮರಿಗಳನ್ನು ಬೆಚ್ಚಗಿಟ್ಟು ಸಾಕುವ ಪೆಟ್ಟಿಗೆಯಲ್ಲಿ, ಎರಡನೆಯ ದಿನವೇ ಮರಿಗಳು ಒಂದನ್ನೊಂದು ಕುಕ್ಕತೊಡಗಿದವು. ಮೂರನೆಯ ದಿನ ರಕ್ತ ಕಂಡಿತು, ಆ ರಾತ್ರಿ ಒಂದು ಮರಿ ಸತ್ತಿತು. ಅಲ್ಲಿಂದ ಮುಂದೆ ಆರು ವಾರಗಳ ಕಾಲ ಪೆಟ್ಟಿಗೆಯನ್ನು ಬಿಚ್ಚಿ, ಬದಲಿಸಿ, ಮತ್ತೆ ಕಟ್ಟುತ್ತ ನಾನು ಬರೆದಿಟ್ಟುಕೊಂಡ ಟಿಪ್ಪಣಿಗಳೇ ಈ ಬರಹ. ಕುಕ್ಕಾಟ ಕಂಡಾಗಲೆಲ್ಲ ನೋಟ್‌ಪುಸ್ತಕದಲ್ಲಿ ಮೂರು ಸಂಗತಿಗಳನ್ನು ದಾಖಲಿಸಿದೆ: ಕೊಕ್ಕು ಮೈಯ ಯಾವ ಭಾಗಕ್ಕೆ ಬಿತ್ತು, ಪೆಟ್ಟಿಗೆಯ ಯಾವ ಜಾಗದಲ್ಲಿ ಬಿತ್ತು, ಎಷ್ಟು ಹೊತ್ತಿಗೆ ಬಿತ್ತು. ಇವುಗಳಲ್ಲಿ ಮೊದಲನೆಯದೇ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿತು. ಕಾಲ್ಬೆರಳಿಗೆ ಬೀಳುವ ಕೊಕ್ಕಿಗೆ ಒಂದು ಕಾರಣ, ಗುದದ್ವಾರಕ್ಕೆ ಬೀಳುವುದಕ್ಕೆ ಇನ್ನೊಂದು, ಬಾಲದ ಗರಿಗೆ ಮತ್ತೊಂದು, ನೆತ್ತಿಗೆ ಬೀಳುವುದಕ್ಕೆ ಬೇರೆಯೇ ಒಂದು ಕಾರಣವಿರುತ್ತದೆ. ಆ ಕಾರಣಗಳಲ್ಲಿ ಹೆಚ್ಚಿನವು ನಾನು ಕಟ್ಟಿದ ಪೆಟ್ಟಿಗೆಯಲ್ಲೇ ಇದ್ದವು.

ಇನ್‌ಕ್ಯುಬೇಟರ್‌ನ ಒಳಗೆ

ಮರಿಗಳು ಒಟ್ಟಿಗೇ ಹೊರಬರುವುದಿಲ್ಲ. 20ನೆಯ ದಿನದ ರಾತ್ರಿ ಮೊದಲನೆಯದು ಚಿಪ್ಪು ಒಡೆದು ಬಂದರೆ ಕೊನೆಯದು 22ನೆಯ ದಿನ ಬಂದಿತು. ಮೊದಲು ಬಂದವು ಮೈ ಒಣಗಿಸಿಕೊಂಡು, ಕಾಲಿನಲ್ಲಿ ಬಲ ಬಂದ ಮೇಲೆ, ಇನ್ನೂ ಒದ್ದೆಯಾಗಿ ಬಿದ್ದಿದ್ದ ಮರಿಗಳ ಮೇಲೆ ನಡೆದಾಡುತ್ತ ಅವುಗಳ ಕಣ್ಣನ್ನು, ಒಡೆಯುತ್ತಿದ್ದ ಮೊಟ್ಟೆಯ ಬಿರುಕನ್ನು, ಚಿಪ್ಪಿನ ಒಳಪೊರೆಯ ಮೇಲಿನ ರಕ್ತನಾಳದ ಗುರುತನ್ನು ಕುಕ್ಕಿ ನೋಡುತ್ತಿದ್ದವು. ಇದನ್ನು ಜಗಳವೆಂದು ತಿಳಿಯುವುದು ತಪ್ಪು. ಮರಿಗೆ ಕೈಯಿಲ್ಲ, ಲೋಕವನ್ನು ಮುಟ್ಟಿ ನೋಡಲು ಅದಕ್ಕಿರುವುದು ಕೊಕ್ಕೊಂದೇ. ಹೊಳೆಯುವುದು, ಅಲುಗಾಡುವುದು, ಹಿನ್ನೆಲೆಗಿಂತ ಬೇರೆ ಬಣ್ಣದ ಚುಕ್ಕೆಯಂತೆ ಕಾಣುವುದು, ಇವೆಲ್ಲ ಅದರ ಪಾಲಿಗೆ ತಿನ್ನುವ ವಸ್ತುವಾಗಿರಬಹುದು. ಪಕ್ಕದ ಮರಿಯ ಕಣ್ಣಿಗೆ ಈ ಮೂರು ಗುಣಗಳೂ ಇವೆ.

ಆದರೆ ಕಾರಣ ಎಷ್ಟೇ ಮುಗ್ಧವಾಗಿದ್ದರೂ ಗಾಯ ಗಾಯವೇ. ಇನ್ನೂ ಪೂರ್ತಿ ಮುಚ್ಚದ ಹೊಕ್ಕಳಿಗೆ ಕೊಕ್ಕು ಬಿದ್ದರೆ ಮರಿ ಉಳಿಯುವುದು ಕಷ್ಟ. ಮುಚ್ಚಳವನ್ನು ಪದೇ ಪದೇ ತೆರೆದರೆ ತೇವಾಂಶ ಇಳಿದು, ಒಡೆಯುತ್ತಿರುವ ಮೊಟ್ಟೆಯ ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಪೂರ್ತಿ ಒಣಗಿ ಮೈ ಉಬ್ಬಿದ ಮರಿಗಳನ್ನು ಒಂದೊಂದಾಗಿ ತೆಗೆಯದೆ, ಎರಡು ಕಂತಿನಲ್ಲಿ ಬೇಗಬೇಗನೆ ಹೊರತೆಗೆದೆ. ಮರಿ ಹೊಟ್ಟೆಯೊಳಗೆ ಸೆಳೆದುಕೊಂಡ ಹಳದಿ ಲೋಳೆ ಅದನ್ನು ಎರಡು ದಿನ, ಕೆಲವೊಮ್ಮೆ ಮೂರು ದಿನ, ಪೋಷಿಸಬಲ್ಲುದಾದ್ದರಿಂದ ಮೇವಿಗೆಂದು ಅವಸರಪಡಬೇಕಾಗಿರಲಿಲ್ಲ. ಹೊಕ್ಕಳು ಹಸಿಯಾಗಿದ್ದ ಎರಡು ಮರಿಗಳಿಗೆ ಸೋಂಕು ತಡೆಯುವ ಪೊವಿಡೋನ್ ಅಯೋಡಿನ್ ಸವರಿ, ಹೊಕ್ಕಳು ಒಣಗಿ ಹಕ್ಕಳೆಗಟ್ಟುವವರೆಗೆ ಬೇರೆಯಾಗಿಟ್ಟೆ.

ಮೊದಲ ಪೆಟ್ಟಿಗೆ ಮತ್ತು ಅದರ ತಪ್ಪುಗಳು

ಮೊದಲ ಪೆಟ್ಟಿಗೆ ದಪ್ಪ ರಟ್ಟಿನದು: 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ. ನೆಲಕ್ಕೆ ವೃತ್ತಪತ್ರಿಕೆ, ಮೇಲಿನಿಂದ 100 ವ್ಯಾಟ್‌ನ ಬಿಳಿ ಬಲ್ಬ್, ನಡುವೆ 12 ಸೆಂ.ಮೀ. ವ್ಯಾಸದ ಒಂದು ಮೇವಿನ ತಟ್ಟೆ, ಒಂದು ಮೂಲೆಯಲ್ಲಿ ನೀರಿನ ಪಾತ್ರೆ. ನೋಡಲು ಅಚ್ಚುಕಟ್ಟಾಗಿತ್ತು. ಮರಿಗಳನ್ನು ಬಿಟ್ಟ ಮೊದಲ ಗಂಟೆ ಅವುಗಳ ಮೆಲುದನಿಯ ಚಿಲಿಪಿಲಿ ಕೇಳಿ ನೆಮ್ಮದಿಯಿಂದಲೇ ಇದ್ದೆ.

ಎರಡನೆಯ ದಿನ ಬೆಳಿಗ್ಗೆ ದನಿ ಬದಲಾಗಿತ್ತು. ಬೆಚ್ಚಗೆ, ಹೊಟ್ಟೆ ತುಂಬಿರುವ ಮರಿಯ ದನಿ ಸಣ್ಣದಾಗಿ, ಉರುಳುರುಳಾಗಿ ಕೇಳುತ್ತದೆ. ಸಂಕಟದಲ್ಲಿರುವ ಮರಿ ಒಂದೇ ಸಮನೆ, ಚುಚ್ಚಿದಂತೆ, ಗಟ್ಟಿಯಾಗಿ ಕೂಗುತ್ತದೆ. ಈ ಎರಡನೆಯ ದನಿ ಪೆಟ್ಟಿಗೆಯ ತುಂಬ ಇತ್ತು. ಬಗ್ಗಿ ಕೂತು ನೋಡಿದೆ. ಬಲ್ಬಿನ ನೇರ ಕೆಳಗೆ ಒಂದು ಮರಿ ಪಕ್ಕಕ್ಕೆ ವಾಲಿ ನಿದ್ದೆ ಹೋಗಿತ್ತು, ಅದರ ಒಂದು ಕಾಲು ಹಿಂದಕ್ಕೆ ಚಾಚಿತ್ತು. ಉಗುರು ಎಳೆಯದು, ಗಾಜಿನ ಚೂರಿನಂತೆ ಬಲ್ಬಿನ ಬೆಳಕಿಗೆ ಮಿನುಗುತ್ತಿತ್ತು. ಎಚ್ಚರವಿದ್ದ ಇನ್ನೊಂದು ಮರಿ ತಲೆ ಓರೆ ಮಾಡಿ ಒಂದು ಕಣ್ಣಿನಿಂದ ಆ ಮಿನುಗನ್ನು ನೋಡಿತು, ಕುಕ್ಕಿತು, ಎಳೆಯಿತು. ಮಲಗಿದ್ದ ಮರಿ ಕಾಲು ಸೆಳೆದುಕೊಂಡಿತು, ಆ ಚಲನೆಗೇ ಮತ್ತೆರಡು ಮರಿಗಳು ಓಡಿ ಬಂದವು. ಒಂದು ನಿಮಿಷದೊಳಗೆ ಮೂರು ಕೊಕ್ಕುಗಳು ಒಂದೇ ಬೆರಳಿನ ಮೇಲೆ ಬಿದ್ದಿದ್ದವು.

ಅಲ್ಲಿ ಸಿಟ್ಟಿರಲಿಲ್ಲ, ಮೇಲಾಟವೂ ಇರಲಿಲ್ಲ. ಪತ್ರಿಕೆಯ ನುಣುಪು ನೆಲದಲ್ಲಿ ಕೆದಕಲು ಏನೂ ಇರಲಿಲ್ಲ, ಮೇವಿನ ತಟ್ಟೆಯ ಸುತ್ತಳತೆ 38 ಸೆಂ.ಮೀ.ಯಷ್ಟಿದ್ದು ಮರಿಯೊಂದಕ್ಕೆ ಬಂದ ಪಾಲು ಕೇವಲ 2 ಸೆಂ.ಮೀ., ಹಗಲು ರಾತ್ರಿಯೆನ್ನದೆ ಉರಿಯುವ ಬಿಳಿ ಬೆಳಕಿನಲ್ಲಿ ಎಲ್ಲವೂ ಎಲ್ಲರಿಗೂ ಸ್ಪಷ್ಟವಾಗಿ ಕಾಣುತ್ತಿತ್ತು. ಕುಕ್ಕಲೇಬೇಕೆಂದು ಹುಟ್ಟಿದ ಜೀವಕ್ಕೆ ನಾನು ಕೊಟ್ಟಿದ್ದ ಏಕೈಕ ವಸ್ತುವೆಂದರೆ ಒಡಹುಟ್ಟಿದ ಮರಿಯ ಕಾಲು. ನುಣುಪು ಕಾಗದದ ಮೇಲೆ ಕಾಲು ಜಾರಿ ಅಗಲಿಸಿಕೊಳ್ಳುವ ಅಪಾಯವೂ ಇತ್ತೆಂಬುದನ್ನು ಇಲ್ಲೇ ಹೇಳಬೇಕು.

ಆ ದಿನ ಮಾಡಿದ್ದು ಸಣ್ಣ ಕೆಲಸ. ಪತ್ರಿಕೆ ತೆಗೆದು ಒರಟು ಬಟ್ಟೆ ಹಾಸಿ ಅದರ ಮೇಲೆಯೇ ಅಲ್ಲಲ್ಲಿ ಮೇವು ಚೆಲ್ಲಿದೆ, ಬೆರಳ ತುದಿಯಿಂದ ಟಕ್ ಟಕ್ ಎಂದು ಮೇವಿನ ಮೇಲೆ ತಟ್ಟಿದೆ. ತಾಯಿಕೋಳಿ ನೆಲ ಕುಕ್ಕಿ ಕರೆದು ಇದು ತಿನ್ನುವಂಥದ್ದೆಂದು ತೋರಿಸಿಕೊಡುತ್ತದೆ. ಇನ್‌ಕ್ಯುಬೇಟರ್ ಮರಿಗಳಿಗೆ ಆ ಪಾಠ ಹೇಳುವವರು ಯಾರೂ ಇರುವುದಿಲ್ಲ. ಬೆರಳಿನ ಶಬ್ದಕ್ಕೆ ಅರ್ಧದಷ್ಟು ಮರಿಗಳು ತಕ್ಷಣ ಓಡಿ ಬಂದವು. ಈ ಕೆಲಸವನ್ನು ಮೊದಲ ದಿನವೇ, ಗಂಟೆಗೊಮ್ಮೆ ಮಾಡಬೇಕಿತ್ತು.

ಮೂರನೆಯ ದಿನದ ರಕ್ತ

ಮಧ್ಯಾಹ್ನ ನೋಡಿದಾಗ ಒಂದು ಮರಿಯ ಹಿಂಭಾಗದಲ್ಲಿ ರಕ್ತವಿತ್ತು, ನಾಲ್ಕೈದು ಮರಿಗಳು ಅದನ್ನು ಗೋಡೆಗೆ ಒತ್ತರಿಸಿ ಕುಕ್ಕುತ್ತಿದ್ದವು. ಎತ್ತಿಕೊಂಡು ನೋಡಿದರೆ ಗುದದ್ವಾರಕ್ಕೆ ಹಿಕ್ಕೆ ಮೆತ್ತಿ ಒಣಗಿ ಗಟ್ಟಿಯಾಗಿತ್ತು. ಉಗುರುಬೆಚ್ಚನೆಯ ನೀರಿನಲ್ಲಿ ಹತ್ತಿಯನ್ನು ಅದ್ದಿ, ಎಳೆಯದೆ, ನೆನೆಸಿ ನೆನೆಸಿ ಬಿಡಿಸಿ, ರಕ್ತ ಬರುತ್ತಿದ್ದ ಕಡೆ ಒಣ ಹತ್ತಿಯನ್ನು ಒತ್ತಿ ಹಿಡಿದು, ಅಯೋಡಿನ್ ಸವರಿ, ಒಂಟಿಯಾಗಿ ಬೆಚ್ಚಗಿಟ್ಟೆ. ಗಾಯ ಒಳಗಿನವರೆಗೂ ಹೋಗಿತ್ತು. ಅದು ರಾತ್ರಿಯನ್ನು ದಾಟಲಿಲ್ಲ. ಉಳಿದ 17 ಮರಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಾಗ ಇನ್ನೂ ಮೂರಕ್ಕೆ ಹಿಕ್ಕೆ ಮೆತ್ತಿಕೊಂಡಿದ್ದುದು ಕಂಡಿತು. ಆ ಮೂರೂ ಇನ್ನೆರಡು ಗಂಟೆಗಳಲ್ಲಿ ಅದೇ ಸ್ಥಿತಿಗೆ ಬರುತ್ತಿದ್ದವು.

ಹಿಕ್ಕೆ ಮೆತ್ತುವುದಕ್ಕೆ ಹೆಚ್ಚು ಬಿಸಿ, ಹೆಚ್ಚು ಚಳಿ, ಪ್ರಯಾಣದ ಆಯಾಸ, ನೀರು ಕುಡಿಯದಿರುವುದು ಹೀಗೆ ಹಲವು ಕಾರಣಗಳಿರುತ್ತವೆ. ಇಲ್ಲಿನ ಕಾರಣ ಥರ್ಮಾಮೀಟರ್‌ನಲ್ಲೇ ಸಿಕ್ಕಿತು. ಅಲ್ಲಿಯವರೆಗೆ ಅದನ್ನು ಪೆಟ್ಟಿಗೆಯ ಗೋಡೆಯ ಮೇಲ್ತುದಿಗೆ ನೇತುಹಾಕಿದ್ದೆ, ಅಲ್ಲಿ 34 ಡಿಗ್ರಿ ತೋರಿಸುತ್ತಿತ್ತು. ಮರಿಯ ಬೆನ್ನಿನ ಎತ್ತರಕ್ಕೆ, ಅಂದರೆ ನೆಲದಿಂದ ಸುಮಾರು 5 ಸೆಂ.ಮೀ. ಮೇಲೆ ಹಿಡಿದಾಗ ಬಲ್ಬಿನ ಕೆಳಗೆ 39 ಡಿಗ್ರಿ ಸೆಲ್ಸಿಯಸ್, ಅತಿ ದೂರದ ಮೂಲೆಯಲ್ಲಿ 37. ಮೊದಲ ವಾರ ಬೇಕಾದದ್ದು ಕಾವಿನ ಕೆಳಗೆ ಸುಮಾರು 35 ಡಿಗ್ರಿ. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ 21ಕ್ಕೆ ತರಬೇಕು. ಅದಕ್ಕಿಂತಲೂ ಮುಖ್ಯವಾಗಿ, ಬೇಡವಾದಾಗ ಕಾವಿನಿಂದ ದೂರ ಹೋಗಲು ಒಂದು ತಂಪು ಜಾಗ ಇರಲೇಬೇಕು. ನನ್ನ ಪೆಟ್ಟಿಗೆಯಲ್ಲಿ ಅಂಥ ಜಾಗವೇ ಇರಲಿಲ್ಲ. ಸೆಕೆಗೆ ಬೇಯುತ್ತಿದ್ದ ಮರಿಗಳು ಗೋಡೆಗೆ ಅಂಟಿಕೊಂಡು, ಕೊಕ್ಕು ತೆರೆದು, ರೆಕ್ಕೆ ಜೋಲು ಬಿಟ್ಟು ನಿಂತಿದ್ದುದನ್ನು ಬೆಳಿಗ್ಗೆಯೇ ನೋಡಿದ್ದೆ, ಆದರೆ ಅದರ ಅರ್ಥ ಹೊಳೆದಿರಲಿಲ್ಲ.

ಹೊಸ ಪೆಟ್ಟಿಗೆ ಸಿದ್ಧವಾಗುವವರೆಗಿನ ಆಸರೆಗೆ ಬಿಳಿ ಬಲ್ಬ್ ತೆಗೆದು ಕಡಿಮೆ ವ್ಯಾಟ್‌ನ ಕೆಂಪು ಬಲ್ಬ್ ಹಾಕಿ, ಎತ್ತರವನ್ನು ಸರಿಪಡಿಸಿದೆ. ಕೆಂಪು ಬೆಳಕಿನಲ್ಲಿ ರಕ್ತದ ಬಣ್ಣ ಎದ್ದು ಕಾಣುವುದಿಲ್ಲ, ಆದ್ದರಿಂದ ಗಾಯದ ಮೇಲೆ ಮುಗಿಬೀಳುವುದು ತಗ್ಗುತ್ತದೆ. ಅಂದು ರಾತ್ರಿ ತಗ್ಗಿತು ಕೂಡ. ಆದರೂ ಇದನ್ನು ಪರಿಹಾರವೆಂದು ನಾನು ಒಪ್ಪುವುದಿಲ್ಲ. ಕೆಂಪು ಬೆಳಕು ಗಾಯವನ್ನು ಮರೆಮಾಡುತ್ತದೆ, ಗಾಯವಾಗುವ ಕಾರಣವನ್ನು ಹಾಗೆಯೇ ಉಳಿಸುತ್ತದೆ. ಬಿಳಿ ಬಲ್ಬಿಗೆ ಕೆಂಪು ಕಾಗದವನ್ನೋ ಬಟ್ಟೆಯನ್ನೋ ಸುತ್ತುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಬಿಟ್ಟುಬಿಡಬೇಕು, ಅದು ಬೆಂಕಿಗೆ ದಾರಿ.

ಎರಡನೆಯ ಪೆಟ್ಟಿಗೆ: ನಾಲ್ಕನೆಯ ದಿನ

ಹೊಸ ಪೆಟ್ಟಿಗೆಯನ್ನು 8 ಮಿ.ಮೀ. ಪ್ಲೈವುಡ್‌ನಲ್ಲಿ ಕಟ್ಟಿದೆ. ಮೊದಲ ಎರಡು ಮೂರು ವಾರಗಳಿಗೆ ಮರಿಯೊಂದಕ್ಕೆ ಕನಿಷ್ಠ 450 ಚದರ ಸೆಂ.ಮೀ. ಬೇಕೆಂಬ ಲೆಕ್ಕ ಹಿಡಿದರೆ ಮೊದಲಿದ್ದ 18 ಮರಿಗಳಿಗೆ 8100 ಚದರ ಸೆಂ.ಮೀ. ಆಗುತ್ತದೆ. ಹಳೆಯ ಪೆಟ್ಟಿಗೆ ಇದ್ದದ್ದು 2700, ಅಂದರೆ ಬೇಕಾದ್ದರ ಮೂರನೆಯ ಒಂದು ಭಾಗ. ಹೊಸದರ ಅಳತೆ 120 ಸೆಂ.ಮೀ. ಉದ್ದ, 75 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರ. ನೆಲದ ವಿಸ್ತೀರ್ಣ 9000 ಚದರ ಸೆಂ.ಮೀ. ಆಯಿತು. ಎರಡು ವಾರ ತುಂಬುವ ಹೊತ್ತಿಗೆ ಮರಿಗಳು ರೆಕ್ಕೆ ಬಡಿದು ಮೇಲಕ್ಕೆ ಹಾರುತ್ತವೆ, ಆದ್ದರಿಂದ 12 ಮಿ.ಮೀ. ಕಣ್ಣಿನ ತಂತಿ ಜಾಲರಿಯ ಮುಚ್ಚಳವನ್ನು ಕೀಲು ಹಾಕಿ ಕೂರಿಸಿದೆ.

ನಾಲ್ಕು ಮೂಲೆಗಳಲ್ಲಿ ಬಾಗುವ ದಪ್ಪ ರಟ್ಟನ್ನು ಕಮಾನಿನಂತೆ ಬಗ್ಗಿಸಿ ಮೊಳೆ ಹೊಡೆದೆ. ಚಳಿಯಾದಾಗಲೋ ಬೆದರಿದಾಗಲೋ ಮರಿಗಳು ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದು ಉಸಿರು ಕಟ್ಟುತ್ತವೆ. ಅಷ್ಟೇ ಅಲ್ಲದೆ, ಕುಕ್ಕಿಸಿಕೊಳ್ಳುವ ಮರಿ ಮೂಲೆಗೆ ಸಿಕ್ಕಿಬಿದ್ದರೆ ಅದಕ್ಕೆ ಹೊರದಾರಿ ಇರುವುದಿಲ್ಲ. ದುಂಡಗಿನ ಮೂಲೆಯಲ್ಲಿ ಅದು ಗೋಡೆಯ ಗುಂಟ ಓಡಿ ತಪ್ಪಿಸಿಕೊಳ್ಳಬಹುದು.

ಈ ಪೆಟ್ಟಿಗೆಯ ಮುಖ್ಯ ಬದಲಾವಣೆಯೆಂದರೆ ಕಾವನ್ನೂ ಬೆಳಕನ್ನೂ ಬೇರೆ ಬೇರೆ ಮಾಡಿದ್ದು. ಬಲ್ಬಿನಲ್ಲಿ ಅವೆರಡೂ ಒಂದಕ್ಕೊಂದು ಕಟ್ಟುಬಿದ್ದಿರುತ್ತವೆ, ಕಾವು ಬೇಕಾದರೆ ಬೆಳಕನ್ನೂ ಸಹಿಸಲೇಬೇಕು. ಅದರ ಬದಲು ಕಾಲುಗಳ ಮೇಲೆ ನಿಲ್ಲುವ, ಎತ್ತರ ಬದಲಿಸಬಹುದಾದ ಹೀಟಿಂಗ್ ಪ್ಲೇಟ್ ತಂದು ಪೆಟ್ಟಿಗೆಯ ಒಂದು ತುದಿಗೆ ಇಟ್ಟೆ. ಮರಿಗಳು ಅದರ ಕೆಳಗೆ ನುಗ್ಗಿ, ತಾಯಿಯ ಹೊಟ್ಟೆಗೆ ಬೆನ್ನು ಒತ್ತಿಕೊಳ್ಳುವಂತೆ ಬೆನ್ನು ತಗುಲಿಸಿಕೊಂಡು ಮಲಗುತ್ತವೆ. ಪ್ಲೇಟಿನ ಒಂದು ಬದಿಯನ್ನು ಮರಿಯ ಬೆನ್ನಿನ ಎತ್ತರಕ್ಕೂ ಇನ್ನೊಂದನ್ನು ಅದಕ್ಕಿಂತ 2 ಸೆಂ.ಮೀ. ಮೇಲಕ್ಕೂ ಇಟ್ಟದ್ದರಿಂದ ದೊಡ್ಡ ಮರಿಗೂ ಸಣ್ಣ ಮರಿಗೂ ತಕ್ಕ ಜಾಗ ಸಿಕ್ಕಿತು. ಪ್ಲೇಟಿಗೆ ತಾಗದಂತೆ, ಅದರ ಸುತ್ತ ಬೇರೆಯೇ ಒಂದು ಮರದ ಚೌಕಟ್ಟು ನಿಲ್ಲಿಸಿ, ನೂಲು ಬಿಚ್ಚದ ದಪ್ಪ ಬಟ್ಟೆಯ ಪಟ್ಟಿಗಳನ್ನು ಪರದೆಯಂತೆ ಇಳಿಬಿಟ್ಟೆ. ಪ್ಲೇಟಿನ ಮೇಲ್ಭಾಗವನ್ನು ಮುಚ್ಚಲಿಲ್ಲ. ಬಟ್ಟೆ ಸಡಿಲವಾಗಿದ್ದು ನೂಲು ಬಿಟ್ಟರೆ ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ, ಆದ್ದರಿಂದ ಈ ಆಯ್ಕೆಯಲ್ಲಿ ಎಚ್ಚರ ಬೇಕು.

ಆ ಪರದೆಯ ಹಿಂದೆ ಕತ್ತಲಿದೆ. ಮಲಗಿದ ಮರಿ ಎಚ್ಚರವಿದ್ದ ಮರಿಯ ಕಣ್ಣಿಗೆ ಬೀಳುವುದಿಲ್ಲ. ಎರಡನೆಯ ದಿನ ನಾನು ಕಂಡ ಬೆರಳು ಕುಕ್ಕಾಟದಲ್ಲಿ ಪ್ರತಿ ಸಲವೂ ಕುಕ್ಕಿಸಿಕೊಂಡದ್ದು ನಿದ್ದೆಯಲ್ಲಿದ್ದ ಮರಿ, ಕುಕ್ಕಿದ್ದು ಆಡುತ್ತಿದ್ದ ಮರಿ. ತಾಯಿಕೋಳಿಯ ರೆಕ್ಕೆಯ ಕೆಳಗೆ ಈ ಬೇರ್ಪಡಿಕೆ ತಾನಾಗಿ ಆಗುತ್ತದೆ. ಅಲ್ಲಿ ಬೆಚ್ಚಗಿರುವ ಜಾಗವೇ ಕತ್ತಲ ಜಾಗ, ಕತ್ತಲಲ್ಲಿ ಯಾರೂ ಕುಕ್ಕುವುದಿಲ್ಲ. ಪರದೆ ಹಾಕಿದ ದಿನದಿಂದ ಬೆರಳು ಕುಕ್ಕಾಟ ಬಹುಮಟ್ಟಿಗೆ ನಿಂತಿತು. ಈ ಆರು ವಾರಗಳಲ್ಲಿ ಮಾಡಿದ ಕೆಲಸಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬಹುದೆಂದರೆ ನಾನು ಈ ಪರದೆಯನ್ನು ಉಳಿಸಿಕೊಳ್ಳುತ್ತೇನೆ.

ಬೆಳಕಿಗೆ ಇನ್ನೊಂದು ತುದಿಯಲ್ಲಿ, ಮೇವು ನೀರಿನ ಮೇಲೆ, ಮಂದಗೊಳಿಸಬಹುದಾದ ಸಣ್ಣ ಎಲ್‌ಇಡಿ. ಮೊದಲ ಕೆಲವು ದಿನ ಮರಿಗಳಿಗೆ ಮೇವು ನೀರು ಕಾಣುವಷ್ಟು ಬೆಳಕು ಬೇಕು, ಅವು ದಾರಿ ಕಲಿತ ಮೇಲೆ ತಗ್ಗಿಸಬಹುದು. ಐದನೆಯ ದಿನದಿಂದ ರಾತ್ರಿ ಆರು ಗಂಟೆಗಳ ಕಾಲ ಪೂರ್ತಿ ಆರಿಸಿದೆ. ಕಾವು ಹಾಗೆಯೇ ಇದ್ದುದರಿಂದ ಒಂದೂ ಮರಿ ಕೂಗಲಿಲ್ಲ.

ನೆಲಕ್ಕೆ ಬಡಗಿ ಮರ ಹೆರೆಯುವಾಗ ಬೀಳುವ ಸುರುಳಿ ಹೊಟ್ಟು, 5 ಸೆಂ.ಮೀ. ದಪ್ಪಕ್ಕೆ. ಗರಗಸದ ನುಣ್ಣನೆಯ ಪುಡಿ ಬೇಡ. ಅದು ಮೂಗಿಗೆ ಹೋಗುತ್ತದೆ, ಮರಿಗಳು ಮೇವೆಂದು ತಿನ್ನುತ್ತವೆ. 45 ಸೆಂ.ಮೀ. ಉದ್ದದ ಎರಡು ಮೇವಿನ ದೋಣಿಗಳನ್ನು ಪೆಟ್ಟಿಗೆಯ ಎರಡು ಕಡೆ, ಒಂದರಿಂದ ಇನ್ನೊಂದು ಸುಲಭವಾಗಿ ಕಾಣದಂತೆ ಇಟ್ಟೆ. ಒಂದು ದೋಣಿಯನ್ನು ಜೋರಿನ ಮರಿಯೊಂದು ಕಾವಲು ಕಾಯ್ದರೂ ಇನ್ನೊಂದರಲ್ಲಿ ಮೆದು ಮರಿ ತಿನ್ನಬಹುದು. ನೀರಿನ ಪಾತ್ರೆಗಳೂ ಎರಡು, ಮರಿ ಮುಳುಗದಂತೆ ಅಂಚಿನಲ್ಲಿ ಬೆಣಚುಕಲ್ಲು.

ಎಂಟನೆಯ ದಿನ: ರಕ್ತವಿರುವ ಗರಿಮೊಗ್ಗು

ಮೂರು ದಿನದ ಶಾಂತಿಯ ಬಳಿಕ ಎಂಟನೆಯ ದಿನ ಕೊಕ್ಕು ಬೇರೆ ಜಾಗಕ್ಕೆ ಬೀಳತೊಡಗಿತು. ಮೊದಲ ವಾರದ ಕೊನೆಗೆ ರೆಕ್ಕೆಯಲ್ಲಿ, ಬಳಿಕ ಬಾಲದಲ್ಲಿ, ನಯವಾದ ನವಿರಿನ ನಡುವೆ ಗರಿಮೊಗ್ಗುಗಳು ಹೊರಡುತ್ತವೆ. ಬೆಳೆಯುವ ಗರಿಯ ಬುಡದಲ್ಲಿ ರಕ್ತ ಹರಿಯುತ್ತಿರುತ್ತದೆ; ಅದು ನೀಲಿಗಪ್ಪು ಬಣ್ಣದ ಕಡ್ಡಿಯಂತೆ ಕಾಣುತ್ತದೆ, ಮುರಿದರೆ ರಕ್ತ ಸುರಿಯುತ್ತದೆ. ಗುಂಪಿನಲ್ಲಿದ್ದ ಒಂದೇ ಒಂದು ಕಪ್ಪು ಮರಿಗೆ ಬಾಲದ ಗರಿ ಎಲ್ಲರಿಗಿಂತ ಮೊದಲು ಮೂಡಿತ್ತು. ಬಣ್ಣದಲ್ಲಿ ಬೇರೆಯಾಗಿದ್ದುದು, ಗರಿ ಬೇಗ ಬಂದಿದ್ದುದು, ಎರಡೂ ಸೇರಿ ಅದು ಎಲ್ಲರ ಕಣ್ಣಿಗೆ ಬಿತ್ತು. ಉಳಿದ ಮರಿಗಳು ಅದರ ಎರಡು ಗರಿಮೊಗ್ಗುಗಳನ್ನು ಕಿತ್ತಿದ್ದವು.

ಇಲ್ಲಿ ನಾನು ಮಾಡಿದ ತಪ್ಪನ್ನು ವಿವರವಾಗಿ ಬರೆಯಬೇಕು. ಗಾಯಗೊಂಡ ಮರಿಯನ್ನು ತೆಗೆದು ಇನ್ನೊಂದು ಕೋಣೆಯಲ್ಲಿ ಮೂರು ದಿನ ಒಂಟಿಯಾಗಿಟ್ಟೆ. ಗಾಯವೇನೋ ಒಣಗಿತು, ಆದರೆ ಆ ಮೂರು ದಿನವೂ ಅದು ಒಂದೇ ಸಮನೆ ಕೂಗಿತು, ಮೇವು ಅರ್ಧ ತಿಂದಿತು. ಮರಳಿ ಬಿಟ್ಟಾಗ ಗುಂಪು ಅದನ್ನು ಪರಕೀಯನೆಂದೇ ನೋಡಿತು, ಐದು ನಿಮಿಷದಲ್ಲಿ ಮತ್ತೆ ಎತ್ತಿಕೊಳ್ಳಬೇಕಾಯಿತು. ಕುಕ್ಕಿಸಿಕೊಂಡ ಮರಿಗೇ ಶಿಕ್ಷೆ ಕೊಟ್ಟಂತಾಗಿತ್ತು.

ಅಂದೇ ಪೆಟ್ಟಿಗೆಯೊಳಗೆ ಒಂದು ಕಿರುಕೋಣೆ ಕಟ್ಟಿದೆ. ಹೀಟಿಂಗ್ ಪ್ಲೇಟಿನ ಪಕ್ಕಕ್ಕೆ, 25 ಸೆಂ.ಮೀ. ಅಗಲದ ಜಾಗವನ್ನು ತಂತಿ ಜಾಲರಿಯ ಚೌಕಟ್ಟಿನಿಂದ ಬೇರ್ಪಡಿಸಿ, ಪ್ಲೇಟಿನ ಒಂದು ಅಂಚು ಒಳಕ್ಕೂ ಬರುವಂತೆ ಕೂರಿಸಿದೆ. ಜಾಲರಿ ಕತ್ತರಿಸಿದ ಕಡೆಯ ತುದಿಗಳನ್ನು ಇಕ್ಕಳದಿಂದ ಮಡಚಿ ಮರದ ಪಟ್ಟಿಯ ಕೆಳಗೆ ಸೇರಿಸಿದ್ದು ಮುಖ್ಯ. ಚೂಪಾದ, ಹೊಳೆಯುವ ತಂತಿಯ ತುದಿ ಕಣ್ಣಿಗೂ ಅಪಾಯ, ಕೊಕ್ಕಿಗೂ ಆಕರ್ಷಣೆ. ಚೌಕಟ್ಟಿಗೆ ಕೀಲು ಹಾಕದೆ ಎರಡು ಕೊಕ್ಕೆ ಹಾಕಿದ್ದರಿಂದ ಬೇಕೆಂದಾಗ ಪೂರ್ತಿ ಎತ್ತಿ ತೆಗೆಯಬಹುದು. ಕಪ್ಪು ಮರಿ ಅದರೊಳಗಿದ್ದು ಎಲ್ಲರನ್ನೂ ನೋಡುತ್ತ, ಕೇಳುತ್ತ, ಜಾಲರಿಯ ಆಚೆಯಿದ್ದ ಮರಿಯ ಪಕ್ಕದಲ್ಲೇ ಮೇವು ತಿಂದಿತು. ಒಂಟಿಯೆನಿಸದಿರಲೆಂದು ಗುಂಪಿನ ಅತಿ ಮೆದು ಮರಿಯೊಂದನ್ನು ಜೊತೆಗೆ ಬಿಟ್ಟೆ. ಮೂರು ದಿನದ ಬಳಿಕ ರಾತ್ರಿ ದೀಪ ಆರಿಸಿದ ಮೇಲೆ ಚೌಕಟ್ಟು ತೆಗೆದೆ. ಬೆಳಿಗ್ಗೆ ಎಲ್ಲವೂ ಒಂದೇ ಪರದೆಯ ಹಿಂದಿನಿಂದ ಹೊರಬಂದವು, ಯಾರೂ ಯಾರನ್ನೂ ಗುರುತಿಸದವರಂತೆ ನೋಡಲಿಲ್ಲ.

ಹನ್ನೆರಡನೆಯ ದಿನ: ಮೇವಿನಲ್ಲಿ ಮಾಡಿದ ಎಡವಟ್ಟು

ಈ ನಡುವೆ ಒಂದು ಹೊಸ ತೊಂದರೆಯನ್ನು ನಾನೇ ತಂದುಕೊಂಡೆ. ಮರಿಮೇವು ಬೇಗ ಖಾಲಿಯಾಗುತ್ತಿದೆಯೆಂದು ಅದಕ್ಕೆ ಮೂರನೆಯ ಒಂದು ಪಾಲು ಒಡೆದ ಕಾಳು ಬೆರೆಸಿದೆ. ಎರಡು ದಿನದಲ್ಲಿ ಬೆನ್ನು, ಬಾಲದ ಬುಡ ಬೋಳಾದ ಮರಿಗಳು ಕಂಡವು. ಈ ಕುಕ್ಕಾಟದ ಬಗೆಯೇ ಬೇರೆ: ಸದ್ದಿಲ್ಲದೆ, ಹಿಂದಿನಿಂದ ಬಂದು, ಗರಿಯನ್ನು ಎಳೆದು, ಬಾಯಲ್ಲಿ ಹೊರಳಿಸಿ ನುಂಗುವುದು. ಕುಕ್ಕಿಸಿಕೊಂಡ ಮರಿ ಎಷ್ಟೋ ಸಲ ತಿರುಗಿಯೂ ನೋಡುವುದಿಲ್ಲ.

ಮರಿಮೇವಿನಲ್ಲಿ ಶೇಕಡಾ 20ರಿಂದ 22 ಪ್ರೋಟೀನ್ ಇರಬೇಕು. ಗರಿ ಎಂಬುದು ಬಹುಪಾಲು ಪ್ರೋಟೀನೇ. ಅದರ ಬೆಳವಣಿಗೆಗೆ ಗಂಧಕವಿರುವ ಅಮೈನೋ ಆಮ್ಲಗಳು, ಮುಖ್ಯವಾಗಿ ಮೆಥಿಯೋನಿನ್, ಬೇಕು. ಕಾಳಿನಲ್ಲಿ ಇವು ಕಡಿಮೆ. ಗರಿ ಬೆಳೆಯುವ ವಾರಗಳಲ್ಲೇ ಅದನ್ನು ಕಡಿತ ಮಾಡಿದ್ದು ನನ್ನ ಎಡವಟ್ಟು. ಉಪ್ಪಿನ ಅಂಶ ಕಡಿಮೆಯಾದರೂ ಗರಿ ಕುಕ್ಕುವ ಚಾಳಿ ಬೆಳೆಯುತ್ತದೆ, ಕಾಳು ಬೆರೆಸಿದಾಗ ಅದೂ ತಗ್ಗಿರುತ್ತದೆ. ಹಾಗೆಂದು ಅಂದಾಜಿಗೆ ಉಪ್ಪು ಬೆರೆಸಬಾರದು, ಎಳೆಯ ಮರಿಗೆ ಹೆಚ್ಚಿನ ಉಪ್ಪು ವಿಷವಾಗುತ್ತದೆ. ಸಮತೋಲನದ ಮೇವನ್ನು ಬೆರಕೆಯಿಲ್ಲದೆ ಕೊಡುವುದೇ ಸರಿಯಾದ ದಾರಿ. ಗುಳಿಗೆ ಮೇವಿಗಿಂತ ಹಿಟ್ಟಿನಂಥ ಮೇವು ಈ ವಿಷಯದಲ್ಲಿ ಒಳ್ಳೆಯದು. ಅದನ್ನು ತಿಂದು ಮುಗಿಸಲು ಮರಿಗೆ ಹೆಚ್ಚು ಹೊತ್ತು ಬೇಕು, ಆ ಹೊತ್ತೆಲ್ಲ ಕೊಕ್ಕು ಮೇವಿನಲ್ಲೇ ಇರುತ್ತದೆ.

ಬೆರಕೆ ನಿಲ್ಲಿಸಿದರೂ ಚಾಳಿ ತಕ್ಷಣ ನಿಲ್ಲಲಿಲ್ಲ. ಒಮ್ಮೆ ಕಲಿತ ಮರಿಯನ್ನು ನೋಡಿ ಇನ್ನೊಂದು ಕಲಿಯುತ್ತದೆ. ಆದ್ದರಿಂದ ಕೊಕ್ಕಿಗೆ ಬೇರೆ ಕೆಲಸ ಕೊಡುವ ವ್ಯವಸ್ಥೆ ಮಾಡಬೇಕಾಯಿತು. ಔಷಧಿ ಸಿಂಪಡಿಸದ ನೆಲದಿಂದ ಬೇರು ಮಣ್ಣು ಸಮೇತ ಕಿತ್ತ ಹುಲ್ಲಿನ ಹೆಂಟೆಯೊಂದನ್ನು ಪೆಟ್ಟಿಗೆಯ ನಡುವೆ ಇಟ್ಟೆ. ಮೊದಲು ಎಲ್ಲ ಮರಿಗಳೂ ಬೆದರಿ ಗೋಡೆ ಸೇರಿದವು. ಹತ್ತು ನಿಮಿಷದ ಬಳಿಕ ಕಪ್ಪು ಮರಿ ಕತ್ತು ಚಾಚಿ ಒಂದು ಎಸಳನ್ನು ಎಳೆಯಿತು, ಬೇರಿನಿಂದ ಮಣ್ಣು ಉದುರಿತು, ಉದುರಿದ ಮಣ್ಣಿನಲ್ಲಿ ಒಂದು ಎರೆಹುಳ ಹೊರಳಿತು. ಆಮೇಲೆ ಆ ಹೆಂಟೆ ಸಂಜೆಯವರೆಗೆ ಉಳಿಯಲಿಲ್ಲ. ಸೊಪ್ಪಿನ ಕಟ್ಟೊಂದನ್ನು ಮರಿಯ ತಲೆಗಿಂತ ತುಸು ಮೇಲೆ, ಕತ್ತೆತ್ತಿ ಎಳೆಯಬೇಕಾಗುವಂತೆ ನೇತುಹಾಕಿದೆ. ಹಸಿರು ಕೊಟ್ಟ ಮೇಲೆ ಅದನ್ನು ಅರೆದು ಜೀರ್ಣಿಸಿಕೊಳ್ಳಲು ಸಣ್ಣ ಹರಳು ಮರಳು ಬೇಕು, ಒಂದು ಚಿಕ್ಕ ಬಟ್ಟಲಿನಲ್ಲಿ ಇಟ್ಟೆ. ಒಣ ಮಣ್ಣು, ಮರಳು ತುಂಬಿದ ತಟ್ಟೆಯಲ್ಲಿ ಮರಿಗಳು ಮಗ್ಗುಲಾಗಿ ಬಿದ್ದು ಧೂಳಿನ ಸ್ನಾನ ಮಾಡತೊಡಗಿದವು. ನೆಲದಿಂದ 8 ಸೆಂ.ಮೀ. ಎತ್ತರದಲ್ಲಿ ಅಡ್ಡಕಡ್ಡಿ ಕೂರಿಸಿದಾಗ ಅದರ ಮೇಲೆ ಕೂತ ಮರಿಯ ಬಾಲ ಕೆಳಗಿನವುಗಳ ಕೊಕ್ಕಿನ ಸಾಲಿನಿಂದ ಮೇಲಕ್ಕೆ ಹೋಯಿತು. ಸುಮಾರು ಒಂದು ವಾರದಲ್ಲಿ ಬೋಳು ಬೆನ್ನುಗಳಲ್ಲಿ ಹೊಸ ಗರಿ ಮೂಡುವುದು ಕಂಡಿತು.

ಮೂರನೆಯ ವಾರದಿಂದ: ನೆತ್ತಿಗೆ ಬೀಳುವ ಕೊಕ್ಕು

ನಿಜವಾದ ಮೇಲಾಟ ಶುರುವಾದದ್ದು ಈಗ. ಎರಡು ಮರಿಗಳು ಎದುರುಬದುರಾಗಿ ನಿಂತು, ಕತ್ತಿನ ಗರಿ ನಿಮಿರಿಸಿ, ಎದೆ ಉಬ್ಬಿಸಿ, ಒಮ್ಮೆಲೇ ಮೇಲಕ್ಕೆ ನೆಗೆದು, ಒಂದು ಇನ್ನೊಂದರ ನೆತ್ತಿಗೆ ಕುಕ್ಕುತ್ತದೆ. ಸೋತದ್ದು ತಲೆ ತಗ್ಗಿಸಿ ಸರಿಯುತ್ತದೆ, ಅಲ್ಲಿಗೆ ಮುಗಿಯುತ್ತದೆ. ಕೋಳಿಗಳಲ್ಲಿ ಈ ಮೇಲುಕೀಳಿನ ಕ್ರಮವನ್ನು 1920ರ ದಶಕದ ಆರಂಭದಲ್ಲಿ ವೈಜ್ಞಾನಿಕವಾಗಿ ವಿವರಿಸಿದವರು ನಾರ್ವೆಯ ಥೋರ್ಲೀಫ್ ಶೆಲ್ಡೆರಪ್-ಎಬ್ಬೆ. ಯಾರಿಗೆ ಯಾರು ದಾರಿ ಬಿಡಬೇಕೆಂಬುದು ಒಮ್ಮೆ ತೀರ್ಮಾನವಾದರೆ ಗುಂಪಿನಲ್ಲಿ ಕುಕ್ಕಾಟ ಕಡಿಮೆಯೇ ಆಗುತ್ತದೆ. ಆದ್ದರಿಂದ ರಕ್ತ ಬಾರದಿದ್ದರೆ, ಸೋತ ಮರಿಗೆ ಓಡಲು ಜಾಗವಿದ್ದರೆ, ನಾನು ಕೈಹಾಕಲಿಲ್ಲ.

ಓಡಲು ಜಾಗ ಎಂಬುದೇ ಇಲ್ಲಿ ಮುಖ್ಯ. ನಾಲ್ಕನೆಯ ವಾರಕ್ಕೆ ಮರಿಯೊಂದಕ್ಕೆ ಸುಮಾರು 900 ಚದರ ಸೆಂ.ಮೀ. ಬೇಕಾಗುತ್ತದೆ. ಪೆಟ್ಟಿಗೆಯ ಒಂದು ಬದಿಯ ಹಲಗೆ ಬಿಚ್ಚಿ, ಅದೇ ಅಳತೆಯ ಇನ್ನೊಂದು ಪೆಟ್ಟಿಗೆಯನ್ನು ಬೋಲ್ಟ್ ಹಾಕಿ ಜೋಡಿಸಿದೆ, ವಿಸ್ತೀರ್ಣ 18000 ಚದರ ಸೆಂ.ಮೀ. ಆಯಿತು. ನಡುವೆ ಅಡ್ಡಲಾಗಿ, ಎರಡೂ ಕಡೆ ದಾರಿ ಬಿಟ್ಟು, 30 ಸೆಂ.ಮೀ. ಉದ್ದದ ಎರಡು ಹಲಗೆಗಳನ್ನು ನಿಲ್ಲಿಸಿದೆ. ಅಟ್ಟಿಸಿಕೊಂಡು ಬರುವ ಮರಿಯ ಕಣ್ಣಿನಿಂದ ಮರೆಯಾದರೆ ಸಾಕು, ಅಟ್ಟುವುದು ಅಲ್ಲಿಗೇ ನಿಲ್ಲುತ್ತದೆ.

ಒಂದು ಮರಿ ಮಾತ್ರ ನಿಲ್ಲಲಿಲ್ಲ. ಸೋತು ಸರಿದವುಗಳನ್ನೂ ಬೆನ್ನಟ್ಟಿ, ಮೇವಿನ ದೋಣಿಯಿಂದ ದೋಣಿಗೆ ಓಡಿಸುತ್ತಿತ್ತು. ಈ ಸಲ ಕಿರುಕೋಣೆಗೆ ಹಾಕಿದ್ದು ಕುಕ್ಕಿಸಿಕೊಂಡ ಮರಿಗಳನ್ನಲ್ಲ, ಕುಕ್ಕಿದ್ದನ್ನು. ಎರಡು ದಿನ ಜಾಲರಿಯ ಹಿಂದಿದ್ದು ಹೊರಬಂದಾಗ ಉಳಿದವು ತಮ್ಮೊಳಗೆ ಹೊಸ ಕ್ರಮ ಮಾಡಿಕೊಂಡಿದ್ದವು, ಇದು ಕೆಳಗಿನ ಮೆಟ್ಟಿಲಿನಿಂದ ಮತ್ತೆ ಆರಂಭಿಸಬೇಕಾಯಿತು. ಇದು ಫಲಿಸುವುದು ಒಂದೋ ಎರಡೋ ಮರಿಗಳ ಚಾಳಿಯಾಗಿದ್ದಾಗ ಮಾತ್ರ. ಅರ್ಧ ಗುಂಪೇ ಕುಕ್ಕುತ್ತಿದ್ದರೆ ಮರಿಯನ್ನು ಹಿಡಿಯುವ ಮೊದಲು ಥರ್ಮಾಮೀಟರ್ ಮತ್ತು ಅಳತೆಪಟ್ಟಿಯನ್ನು ಹಿಡಿಯಬೇಕು.

ಕೊಕ್ಕಿನ ತುದಿ ಕತ್ತರಿಸುವ ವಿಧಾನವನ್ನು ನಾನು ಬಳಸಲಿಲ್ಲ. ಕೊಕ್ಕಿನ ತುದಿಯಲ್ಲಿ ನರಗಳು ದಟ್ಟವಾಗಿವೆ, ಕತ್ತರಿಸಿದರೆ ನೋವಾಗುತ್ತದೆ, ಮರಿ ತಿನ್ನುವುದಕ್ಕೂ ತೊಂದರೆಯಾಗುತ್ತದೆ. 17 ಮರಿಗಳ ಗುಂಪಿನಲ್ಲಿ ಅದಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ.

ಆರನೆಯ ವಾರ

ಪ್ಲೇಟನ್ನು ವಾರಕ್ಕೊಮ್ಮೆ ಎತ್ತರಿಸುತ್ತ ಬಂದಿದ್ದೆ. ಆರನೆಯ ವಾರದಲ್ಲಿ ಮರಿಗಳು ಅದರ ಕೆಳಗೆ ಹೋಗುವುದನ್ನು ಬಿಟ್ಟು ಮೇಲೆ ಹತ್ತಿ ಕೂರತೊಡಗಿದಾಗ ಸ್ವಿಚ್ ಆರಿಸಿದೆ. ಮೈತುಂಬ ಗರಿ ಬಂದ 17 ಮರಿಗಳನ್ನು ಒಂದು ಸಂಜೆ, ಎಲ್ಲವನ್ನೂ ಒಟ್ಟಿಗೆ, ಹೊರಗಿನ ಗೂಡಿಗೆ ಸಾಗಿಸಿದೆ. ಕಪ್ಪು ಮರಿಯ ಬಾಲದಲ್ಲಿ ಕಿತ್ತುಹೋದ ಎರಡು ಗರಿಗಳೂ ಮತ್ತೆ ಬಂದಿದ್ದವು, ಆದರೆ ಒಂದು ತುಸು ಓರೆಯಾಗಿ ಬೆಳೆದಿದೆ.

ಪೆಟ್ಟಿಗೆಯ ಹೊಟ್ಟು ತೆಗೆದು, ಹಲಗೆಗಳನ್ನು ಸೋಪಿನ ನೀರಿನಿಂದ ಉಜ್ಜಿ, ಬಿಸಿಲಿನಲ್ಲಿ ಒಣಗಿಸಿ ಮಡಚಿಟ್ಟಿದ್ದೇನೆ. ಒಳಗೋಡೆಯ ಮೇಲೆ ಪೆನ್ಸಿಲಿನಿಂದ ಮುಂದಿನ ಸಲದ ಎರಡು ತಿದ್ದುಪಡಿಗಳನ್ನು ಬರೆದಿದ್ದೇನೆ: ಥರ್ಮಾಮೀಟರ್‌ಗೆ ನೆಲದಿಂದ 5 ಸೆಂ.ಮೀ. ಎತ್ತರದಲ್ಲಿ ಒಂದು ಕೊಕ್ಕೆ. ಕಿರುಕೋಣೆಗೆ ಕೈ ಹಾಕಿ ನೀರು ಬದಲಿಸಲು ಹೊರಗಿನಿಂದಲೇ ತೆರೆಯುವ ಒಂದು ಸಣ್ಣ ಬಾಗಿಲು.